ಬೋರ್ಡೋ ದ್ರಾವಣದ ತಾಮ್ರ ಮತ್ತು ಮಣ್ಣಿನ ದುಂಡಾಣುಗಳು

(ಶಿವನಸಮುದ್ರದಲ್ಲಿ ಸೇರಿದ್ದ ರೈತರ ಮುಂದೆ ಆಡಿದ ಮಾತುಗಳ ಬರಹರೂಪ)



ಶಿವನಸಮುದ್ರಕ್ಕೆ ಬಂದವರೆಲ್ಲ ಗಗನಚುಕ್ಕಿ, ಭರಚುಕ್ಕಿಗಳನ್ನು ನೋಡಿ, 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋದ ಕಥೆಯನ್ನು ಕೇಳಿ ಹಿಂದಿರುಗುತ್ತಾರೆ. ನಾನು ಈ ದಿನ ಚಿನ್ನವನ್ನು ಬಿಟ್ಟು ತಾಮ್ರದ ವಿಷಯ ಮಾತನಾಡಲು ಬಂದಿದ್ದೇನೆ. ನಿಮ್ಮ ತೋಟದ ಮೇಲ್ಮಣ್ಣಿನಲ್ಲಿ ವರ್ಷ ವರ್ಷವೂ ಸ್ವಲ್ಪ ಸ್ವಲ್ಪವಾಗಿ ಸೇರುತ್ತಿರುವ ತಾಮ್ರದ ವಿಷಯ.

ಸಭೆಯ ಸೂಚನೆಯಲ್ಲಿ ದ್ರಾಕ್ಷಿ ತೋಟದ ಮಣ್ಣು ಎಂದು ಅಚ್ಚಾಗಿದೆ. ಮಳವಳ್ಳಿ, ಮದ್ದೂರುಗಳಲ್ಲಿ ದ್ರಾಕ್ಷಿ ಎಲ್ಲಿದೆ ಎಂದು ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿದ್ದುದನ್ನು ಗಮನಿಸಿದೆ. ನಿಜ, ನಮ್ಮ ರಾಜ್ಯದಲ್ಲಿ ದ್ರಾಕ್ಷಿ ಹೆಚ್ಚಾಗಿರುವುದು ವಿಜಯಪುರ, ಬಾಗಲಕೋಟೆಗಳ ಕಡೆ. ಇತ್ತ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರಗಳ ಕಡೆ. ಆದರೆ ದ್ರಾಕ್ಷಿಯ ರೋಗಕ್ಕೆಂದು ಹುಟ್ಟಿದ ಬೋರ್ಡೋ ದ್ರಾವಣ ಇಂದು ವೀಳ್ಯದೆಲೆ ಬಳ್ಳಿಯ ಬುಡಕ್ಕೂ, ತೆಂಗಿನ ಸುಳಿಗೂ, ಅಡಿಕೆಯ ಗೊನೆಗೂ ಬಂದಿದೆ. ಟೊಮ್ಯಾಟೊ, ಮೆಣಸಿನಕಾಯಿಗಳಿಗೆ ಅದರ ತಮ್ಮನೆನ್ನಬಹುದಾದ ತಾಮ್ರದ ಆಕ್ಸಿಕ್ಲೋರೈಡ್ ಬೀಳುತ್ತದೆ. ಔಷಧಿ ಬಂದ ದಾರಿಯಲ್ಲೇ ದ್ರಾಕ್ಷಿ ತೋಟಗಳ ತೊಂದರೆಯೂ ಬರುವುದರಿಂದ ಆ ತೋಟಗಳ ಅನುಭವವನ್ನು ನಾವು ಮುಂಚಿತವಾಗಿಯೇ ತಿಳಿದುಕೊಳ್ಳುವುದು ಒಳ್ಳೆಯದು.

ಇತ್ತೀಚೆಗೆ ಕೆಲವು ರೈತರು ನನ್ನನ್ನು ಒಂದು ಪ್ರಶ್ನೆ ಕೇಳುತ್ತಿದ್ದಾರೆ: "ಮಣ್ಣಿನಲ್ಲಿರುವ ತಾಮ್ರವನ್ನು ತಿಂದು ಹಾಕುವ ದುಂಡಾಣು ಇದೆಯಂತೆ. ಒಂದೆರಡು ಪೊಟ್ಟಣ ತಂದು ಗೊಬ್ಬರದಲ್ಲಿ ಬೆರೆಸಿ ಹಾಕಿದರೆ ಮಣ್ಣು ಶುದ್ಧವಾಗುವುದಿಲ್ಲವೆ?" ಇದಕ್ಕೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ತಾಮ್ರವನ್ನು ತಿಂದು ಇಲ್ಲವಾಗಿಸುವ ಜೀವಿ ಯಾವುದೂ ಇಲ್ಲ. ಕಳೆನಾಶಕವನ್ನೋ ಕೀಟನಾಶಕವನ್ನೋ ದುಂಡಾಣುಗಳು ಒಡೆದು ನೀರು, ಗಾಳಿಯಾಗಿ ಮಾಡಬಲ್ಲವು, ಏಕೆಂದರೆ ಅವು ಹಲವು ಮೂಲವಸ್ತುಗಳು ಕೂಡಿ ಆದ ಪದಾರ್ಥಗಳು. ತಾಮ್ರವು ತಾನೇ ಒಂದು ಮೂಲವಸ್ತು. ಅದನ್ನು ಒಡೆಯಲು ಬರುವುದಿಲ್ಲ. ದುಂಡಾಣುಗಳು ಮಾಡಬಲ್ಲದ್ದು ಎರಡೇ: ತಾಮ್ರವನ್ನು ಬಿಗಿಹಿಡಿಯುವುದು, ಇಲ್ಲವೆ ಬಿಡಿಸುವುದು. ಯಾವಾಗ ಹಿಡಿಯುತ್ತವೆ, ಯಾವಾಗ ಬಿಡುತ್ತವೆ ಎಂಬುದು ಮಣ್ಣಿನ ರಸಸಾರ, ಸಾವಯವ ಪದಾರ್ಥ ಮತ್ತು ನೀರಿನ ಸ್ಥಿತಿಯನ್ನು ಅವಲಂಬಿಸಿದೆ. ಈ ಮೂರೂ ಬಹುಮಟ್ಟಿಗೆ ನಿಮ್ಮ ಕೈಯಲ್ಲೇ ಇವೆ.

ಮೈಲುತುತ್ತ ಬಂದ ದಾರಿ

ಅಮೆರಿಕದಿಂದ ತಂದ ಬಳ್ಳಿಗಳ ಜೊತೆಯಲ್ಲಿ ದ್ರಾಕ್ಷಿಯ ಬೂಜುತುಪ್ಪಟ ರೋಗ 1878ರ ಸುಮಾರಿಗೆ ಫ್ರಾನ್ಸ್ ದೇಶವನ್ನು ಹೊಕ್ಕಿತು. ಬೋರ್ಡೋ ಪಟ್ಟಣದ ಸಸ್ಯವಿಜ್ಞಾನಿ ಮಿಲಾರ್ಡೆ 1882ರಲ್ಲಿ ಒಂದು ವಿಚಿತ್ರವನ್ನು ಕಂಡರು. ರಸ್ತೆ ಬದಿಯ ಬಳ್ಳಿಗಳ ಎಲೆಗಳು ಹಸಿರಾಗಿದ್ದವು, ಒಳಗಿನ ಬಳ್ಳಿಗಳ ಎಲೆಗಳು ಉದುರಿದ್ದವು. ದಾರಿಹೋಕರು ಹಣ್ಣು ಕೀಳದಂತೆ ಹೆದರಿಸಲು ತೋಟದವರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಕಲಸಿ ಎರಚಿದ್ದರು! ಕಳ್ಳರಿಗೆಂದು ಎರಚಿದ್ದು ರೋಗಕ್ಕೆ ಮದ್ದಾಯಿತು. 1885ರಲ್ಲಿ ಮಿಲಾರ್ಡೆ ಅದನ್ನು ಪ್ರಕಟಿಸಿದರು. ಪಟ್ಟಣದ ಹೆಸರೇ ದ್ರಾವಣಕ್ಕೆ ನಿಂತಿತು.

ನಮ್ಮ ಸೀಮೆಗೆ ಇದನ್ನು ತಂದು ಬೇರೂರಿಸಿದವರನ್ನು ಮಂಡ್ಯದವರು ಮರೆಯುವಂತಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ಸಿಂಪರಣೆಯನ್ನು ರೂಢಿಗೆ ತಂದರು. ಅದಕ್ಕೆ ಮೊದಲು ಗೊನೆಗಳಿಗೆ ಕೊಟ್ಟೆ ಕಟ್ಟುವುದೊಂದೇ ದಾರಿಯಾಗಿತ್ತು. ಅದೇ ಕೋಲ್ಮನ್ ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾಗಿ, ಇಂದು ವಿ.ಸಿ. ಫಾರಂ ಎಂದು ನೀವು ಕರೆಯುವ ನಾಲಾ ಬಯಲಿನ ಕ್ಷೇತ್ರವನ್ನು ಆರಂಭಿಸಿದರು; 1933ರಲ್ಲಿ ಆರಂಭವಾದ ಮಂಡ್ಯದ ಸಕ್ಕರೆ ಕಾರ್ಖಾನೆಯ ಹಿಂದೆಯೂ ಅವರ ದುಡಿಮೆಯಿದೆ. ಬೋರ್ಡೋ ಇಲ್ಲದಿದ್ದರೆ ಎಷ್ಟೋ ಅಡಿಕೆ ತೋಟಗಳು ಉಳಿಯುತ್ತಿರಲಿಲ್ಲ. ನಾನು ಇಂದು ಅದನ್ನು ಬಿಡಿ ಎಂದು ಹೇಳಲು ಬಂದಿಲ್ಲ. ಲೆಕ್ಕ ಇಡಿ ಎಂದು ಹೇಳಲು ಬಂದಿದ್ದೇನೆ.

ಒಂದು ಎಕರೆಯ ಲೆಕ್ಕ

ಶೇಕಡ 1ರ ಬೋರ್ಡೋ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತದ ತೂಕದಲ್ಲಿ ಕಾಲು ಪಾಲು ಶುದ್ಧ ತಾಮ್ರ. ಎಕರೆಗೆ ಒಂದು ಸಲಕ್ಕೆ 400 ಲೀಟರ್ ದ್ರಾವಣ ಹೊಡೆದಿರಿ ಎನ್ನೋಣ. 4 ಕಿಲೋ ಮೈಲುತುತ್ತ, ಅದರಲ್ಲಿ 1 ಕಿಲೋ ತಾಮ್ರ. ಇದು ಮೊದಲು ಎಲೆಯ ಮೇಲೋ ಗೊನೆಯ ಮೇಲೋ ಕುಳಿತಿದ್ದರೂ ಮಳೆಯಿಂದ, ಎಲೆ ಉದುರುವುದರಿಂದ, ಚಾಟನಿ ಕಸದಿಂದ ಕಡೆಗೆ ನೆಲಕ್ಕೇ ಬರುತ್ತದೆ.

ಒಂದು ಎಕರೆಯಲ್ಲಿ ಅರ್ಧ ಅಡಿ ಆಳದ ಮೇಲ್ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ಆದ್ದರಿಂದ 1 ಕಿಲೋ ತಾಮ್ರ ಬಿದ್ದರೆ ಮೇಲ್ಮಣ್ಣಿನ ತಾಮ್ರ ಹತ್ತು ಲಕ್ಷಕ್ಕೆ ಒಂದು ಪಾಲಿಗಿಂತ ಕೊಂಚ ಹೆಚ್ಚು ಏರುತ್ತದೆ. ಈ ಹತ್ತು ಲಕ್ಷಕ್ಕೆ ಒಂದು ಪಾಲನ್ನೇ ಪ್ರಯೋಗಶಾಲೆಯವರು ಒಂದು ಪಿ.ಪಿ.ಎಂ. ಎನ್ನುತ್ತಾರೆ. ಇದು ಏನೂ ಅಲ್ಲ ಎನಿಸಬಹುದು. ವರ್ಷಕ್ಕೆ ಮೂರು ಸಲದಂತೆ ಮೂವತ್ತು ವರ್ಷ ಹೊಡೆದರೆ 90 ಕಿಲೋ ತಾಮ್ರವಾಯಿತು, ಸುಮಾರು 100 ಪಿ.ಪಿ.ಎಂ. ಏರಿತು. ಸಾಮಾನ್ಯ ಮಣ್ಣಿನಲ್ಲಿ ಸ್ವಾಭಾವಿಕವಾಗಿ ಇರುವುದು ಇಪ್ಪತ್ತು, ಮೂವತ್ತರ ಸುಮಾರು ಮಾತ್ರ. ತಾಮ್ರವು ಪೊಟ್ಯಾಷಿನಂತೆ ಫಸಲಿನ ಜೊತೆ ಮನೆಗೆ ಬರುವುದೂ ಇಲ್ಲ, ಸಾರಜನಕದಂತೆ ಗಾಳಿಗೆ ಹೋಗುವುದೂ ಇಲ್ಲ. ಬಿದ್ದ ಜಾಗದಲ್ಲೇ, ಮೇಲಿನ ಅರ್ಧ ಅಡಿಯಲ್ಲೇ ಬಹುಪಾಲು ನಿಲ್ಲುತ್ತದೆ.

ಯೂರೋಪಿನ ದೇಶಗಳ ಮೇಲ್ಮಣ್ಣನ್ನೆಲ್ಲ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಎಲ್ಲ ಬಗೆಯ ಮಣ್ಣುಗಳ ಸರಾಸರಿ ತಾಮ್ರ ಸುಮಾರು 17 ಪಿ.ಪಿ.ಎಂ. ಇದ್ದರೆ ದ್ರಾಕ್ಷಿ ತೋಟಗಳದ್ದು 49 ಇತ್ತು. ಇದು ಸರಾಸರಿ; ನೂರು ವರ್ಷ ಮೀರಿದ ಹಳೆಯ ತೋಟಗಳಲ್ಲಿ ನೂರಾರು ಪಿ.ಪಿ.ಎಂ. ಕಂಡದ್ದುಂಟು. ಅದೇ ವರ್ಷದ ಕೊನೆಗೆ ಅಲ್ಲಿನ ಒಕ್ಕೂಟ ಏಳು ವರ್ಷಗಳಲ್ಲಿ ಹೆಕ್ಟೇರಿಗೆ ಒಟ್ಟು 28 ಕಿಲೋ ತಾಮ್ರಕ್ಕಿಂತ ಹೆಚ್ಚು ಬಳಸಬಾರದೆಂದು ಮಿತಿ ಹಾಕಿತು. ನಮ್ಮ ಅಳತೆಯಲ್ಲಿ ಇದು ಎಕರೆಗೆ ವರ್ಷಕ್ಕೆ 1 ಕಿಲೋ 600 ಗ್ರಾಂ. ಮೇಲೆ ಹೇಳಿದ ಪ್ರಮಾಣದಲ್ಲಿ ಎರಡು ಸಿಂಪರಣೆ ಮಾಡಿದರೂ ಈ ಮಿತಿ ದಾಟಿಹೋಗುತ್ತದೆ. ಸಾವಯವ ಬೇಸಾಯದಲ್ಲೂ ಬೋರ್ಡೋವಿಗೆ ಮಿತವಾದ ಅನುಮತಿ ಇರುವುದರಿಂದ ಇದು ನಿರಪಾಯ ಎಂದು ಕೆಲವರು ತಿಳಿದಿದ್ದಾರೆ. ಮಣ್ಣಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮಣ್ಣಿನಿಂದ ಮಣ್ಣಿಗೆ ಬೇರೆ

ಒಟ್ಟು ತಾಮ್ರ ಎಷ್ಟಿದೆ ಎಂಬುದಕ್ಕಿಂತ ಬೇರಿಗೆ ಮತ್ತು ಜೀವಾಣುಗಳಿಗೆ ತಗಲುವ ತಾಮ್ರ ಎಷ್ಟು ಎಂಬುದು ಮುಖ್ಯ. ವಿಜಯಪುರದ ದ್ರಾಕ್ಷಿ ಬೆಳೆಗಾರ ಏಪ್ರಿಲ್ ಮತ್ತು ಅಕ್ಟೋಬರ್ ಚಾಟನಿಗಳ ನಂತರ ಬೋರ್ಡೋ ಹೊಡೆಯುತ್ತಾನೆ. ಅವನ ಕಪ್ಪು ಮಣ್ಣಿನಲ್ಲಿ ಸುಣ್ಣವಿದೆ, ಜೇಡಿಯಿದೆ, ರಸಸಾರ 8ರ ಆಚೀಚೆ. ಬಿದ್ದ ತಾಮ್ರ ಸುಣ್ಣದ ಜೊತೆ ಕೂಡಿ ಗಟ್ಟಿಯಾಗಿ ಕೂರುತ್ತದೆ, ತೊಂದರೆ ನಿಧಾನವಾಗಿ ಕಾಣುತ್ತದೆ. ಮಲೆನಾಡಿನ ಅಡಿಕೆ, ಕಾಫಿ ತೋಟಗಳ ಹುಳಿ ಮಣ್ಣಿನಲ್ಲಿ ರಸಸಾರ 5ರ ಸುಮಾರಿಗೆ ಇಳಿದಾಗ ಅದೇ ತಾಮ್ರ ಸಡಿಲಗೊಳ್ಳುತ್ತದೆ. ಆದರೆ ಅಲ್ಲಿ ಸೊಪ್ಪು, ತರಗು, ಗೊಬ್ಬರದಿಂದ ಸಾವಯವ ಪದಾರ್ಥ ಹೆಚ್ಚಿರುವುದರಿಂದ ಅದು ತಾಮ್ರವನ್ನು ಬಲವಾಗಿ ಹಿಡಿದುಕೊಳ್ಳುತ್ತದೆ. ಸಾವಯವ ಪದಾರ್ಥದ ಮೇಲೆ ತಾಮ್ರಕ್ಕಿರುವಷ್ಟು ಮೋಹ ಸತುವಿಗೂ ಇಲ್ಲ, ಮ್ಯಾಂಗನೀಸಿಗೂ ಇಲ್ಲ.

ಮಳವಳ್ಳಿ ಕಡೆಯ ಕೆಂಪು ಮರಳುಮಿಶ್ರಿತ ಮಣ್ಣಿಗೆ ಈ ಎರಡು ಆಸರೆಗಳೂ ಕಡಿಮೆ. ಸುಣ್ಣವೂ ಹೆಚ್ಚಿಲ್ಲ, ಸಾವಯವ ಪದಾರ್ಥವೂ ಹೆಚ್ಚಿಲ್ಲ, ಜೇಡಿಯೂ ಕಡಿಮೆ. ಆದ್ದರಿಂದ ವಿಜಯಪುರದ ಕಪ್ಪು ಮಣ್ಣು ತಡೆದುಕೊಳ್ಳುವಷ್ಟು ತಾಮ್ರವನ್ನು ಇಲ್ಲಿಯ ಕೆಂಪು ಮಣ್ಣು ತಡೆದುಕೊಳ್ಳಲಾರದು. ಅಡಿಕೆಯನ್ನು ಬಯಲುಸೀಮೆಗೆ ತಂದು ಹೊಸದಾಗಿ ನೆಟ್ಟವರು ಮಲೆನಾಡಿನವರ ಸಿಂಪರಣೆಯ ಪಟ್ಟಿಯನ್ನೂ ಹಾಗೆಯೇ ತಂದಿರುತ್ತಾರೆ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆಗೆ ಮಾಡಿದ ಪಟ್ಟಿ ಅದು. ಅಷ್ಟು ಮಳೆಯೂ ಅಷ್ಟು ಕೊಳೆರೋಗವೂ ಇಲ್ಲಿಲ್ಲ.

ತಾಮ್ರದಿಂದ ದುಂಡಾಣುಗಳಿಗೆ ಆಗುವುದೇನು?

ಒಂದು ಚಿಟಿಕೆ ಒಳ್ಳೆಯ ಮಣ್ಣಿನಲ್ಲಿ ಕೋಟಿಗಟ್ಟಲೆ ದುಂಡಾಣುಗಳಿರುತ್ತವೆ. ಯೂರಿಯಾವನ್ನು ಒಡೆದು ಅಮೋನಿಯಾ ಮಾಡುವವು, ಅಮೋನಿಯಾವನ್ನು ನೈಟ್ರೇಟ್ ಮಾಡುವವು, ಅಲಸಂದೆ, ಅವರೆ, ಹುರುಳಿಗಳ ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಹಿಡಿಯುವವು, ರಂಜಕವನ್ನು ಕರಗಿಸುವವು, ಎಲೆ ದಂಟುಗಳನ್ನು ಕೊಳೆಸುವವು. ತಾಮ್ರ ಇವುಗಳಿಗೂ ಕಿಂಚಿತ್ ಬೇಕು. ಅಮೋನಿಯಾವನ್ನು ನೈಟ್ರೇಟ್ ಮಾಡುವ ದುಂಡಾಣುಗಳ ಕೆಲಸಕ್ಕೆ ಬೇಕಾದ ಕಿಣ್ವದಲ್ಲಿಯೇ ತಾಮ್ರವಿದೆ. ಆದರೆ ಬೇಕಾದುದಕ್ಕಿಂತ ಹೆಚ್ಚಾದರೆ ಅದು ಜೀವಕೋಶದೊಳಗೆ ಕಬ್ಬಿಣ ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರುತ್ತದೆ, ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳ ಕೆಲಸ ನಿಲ್ಲಿಸುತ್ತದೆ. ಶಿಲೀಂಧ್ರದ ಬೀಜಕಣವನ್ನು ಕೊಲ್ಲುವ ಗುಣವೂ ಇದೇ. ಎಲೆಯ ಮೇಲೆ ನಮಗೆ ಬೇಕಾದ ಗುಣ ನೆಲದಲ್ಲಿ ಬೇಡವಾಗುತ್ತದೆ, ಅಷ್ಟೆ.

ಕಣ್ಣಿಗೆ ಕಾಣದ ದುಂಡಾಣುಗಳ ಕಷ್ಟ ನಮಗೆ ಹೇಗೆ ತಿಳಿಯಬೇಕು? ಇಂಗ್ಲೆಂಡಿನ ವಿಸ್‌ಬೀಚ್ ಸುತ್ತಲಿನ ಸೇಬಿನ ತೋಟಗಳಲ್ಲಿ ವರ್ಷಗಟ್ಟಲೆ ಬೋರ್ಡೋ ಹೊಡೆದ ಮೇಲೆ ಕಂಡುಬಂದ ಒಂದು ಗುರುತನ್ನು ನೀವೂ ನೋಡಬಹುದು. ಉದುರಿದ ಎಲೆ ಕೊಳೆಯದೆ, ನೆಲದ ಮೇಲೆ ಚಾಪೆಯಂತೆ ಪದರ ಕಟ್ಟಿತ್ತು. ಅದರ ಕೆಳಗೆ ಎರೆಹುಳುವೇ ಇರಲಿಲ್ಲ. ಎರೆಹುಳುವಿಗೆ ತಾಮ್ರವೆಂದರೆ ಆಗದು. ಅದು ಎಲೆಯನ್ನು ಒಳಗೆ ಎಳೆಯದಿದ್ದರೆ ದುಂಡಾಣುಗಳಿಗೆ ಆಹಾರ ಸಿಗುವುದಿಲ್ಲ. ದುಂಡಾಣುಗಳು ಸೊರಗಿದರೆ ಎಲೆ ಇನ್ನೂ ನಿಧಾನವಾಗಿ ಕೊಳೆಯುತ್ತದೆ. ಮಳೆಗಾಲ ಕಳೆದ ಮೇಲೆ ನಿಮ್ಮ ತೋಟದಲ್ಲಿ ಒಂದು ಚದರ ಅಡಿ ಜಾಗದ ಎಲೆ ಸರಿಸಿ ನೋಡಿ. ಕೆಳಗಿನ ಎಲೆ ಕಪ್ಪಾಗಿ ಪುಡಿಯಾಗಿದ್ದು ಎರೆಹುಳು ಇದ್ದರೆ ಸಂತೋಷ. ಹಳೆಯ ಬೋರ್ಡೋ ತೋಟದಲ್ಲಿ ಹಿಂದಿನ ವರ್ಷದ ಎಲೆಯೂ ಆಕಾರ ಕೆಡದೆ ಒಣಗಿ ಕೂತಿದ್ದರೆ ಮಣ್ಣು ಪರೀಕ್ಷೆಗೆ ಕಳಿಸುವ ಕಾಲ ಬಂದಿದೆ. ಇನ್ನೊಂದು ಗುರುತು ದ್ವಿದಳ ಬೆಳೆಯ ಬೇರು: ಅಲಸಂದೆಯ ಗಿಡವನ್ನು ಹೂವಿನ ಕಾಲದಲ್ಲಿ ಮಣ್ಣಿನ ಸಮೇತ ಎತ್ತಿ ತೊಳೆದು, ಗಂಟು ಸೀಳಿದರೆ ಒಳಗೆ ನಸುಗೆಂಪು ಕಾಣಬೇಕು. ಬೇರು ಗಿಡ್ಡವಾಗಿ, ದಪ್ಪವಾಗಿ, ಕಂದು ಬಣ್ಣಕ್ಕೆ ತಿರುಗಿ, ಗಂಟುಗಳಿಲ್ಲದೆ, ಮೇಲೆ ಹೊಸ ಎಲೆಗಳು ಕಬ್ಬಿಣದ ಕೊರತೆಯಂತೆ ಬಿಳಿಚಿದ್ದರೆ ತಾಮ್ರವನ್ನೂ ಅನುಮಾನಿಸಬೇಕು.

ಬಾಳೆ ಮತ್ತು ಭತ್ತ ಎರಡನ್ನೂ ಬೆಳೆಯುವ ನಿಮಗೆ ಕೋಸ್ಟರಿಕಾ ದೇಶದ ಅನುಭವ ಹತ್ತಿರದ್ದು. ಅಲ್ಲಿಯ ಬಾಳೆಗೆ ಸಿಗಟೋಕ ಎಲೆಚುಕ್ಕೆ ರೋಗ ಬಂದಾಗ 1930ರ ದಶಕದಿಂದ ಬೋರ್ಡೋ ದ್ರಾವಣವನ್ನು ಕೊಳವೆಗಳ ಮೂಲಕ ಹಾಯಿಸಿ ವರ್ಷಗಟ್ಟಲೆ ಸಿಂಪಡಿಸಿದರು. ಬಾಳೆ ಹೋದ ಮೇಲೆ ಆ ಜಮೀನಿಗೆ ಭತ್ತ ಮೊದಲಾದವನ್ನು ಹಾಕಿದ ರೈತರಿಗೆ ಪೈರು ಸರಿಯಾಗಿ ಬರಲಿಲ್ಲ. ಸಿಂಪಡಿಸಿ ಲಾಭ ಮಾಡಿಕೊಂಡವರು ಒಬ್ಬರು, ನಷ್ಟ ಹೊತ್ತವರು ಇನ್ನೊಬ್ಬರು. ಹಳೆಯ ತೋಟವನ್ನು ಕೊಳ್ಳುವವರು ಅಥವಾ ಗುತ್ತಿಗೆಗೆ ಹಿಡಿಯುವವರು ಇದನ್ನು ನೆನಪಿನಲ್ಲಿಟ್ಟು ಅಲ್ಲಿ ಏನು, ಎಷ್ಟು ವರ್ಷ ಹೊಡೆದಿದ್ದಾರೆ ಎಂದು ವಿಚಾರಿಸಬೇಕು.

ಗದ್ದೆಯಲ್ಲಿ ಪಾಚಿ ಹೆಚ್ಚಾಯಿತೆಂದು ಮೈಲುತುತ್ತದ ಗಂಟನ್ನು ನೀರಿನ ಬಾಯಿಗೆ ಕಟ್ಟುವ ಅಭ್ಯಾಸವೂ ಕೆಲವು ಕಡೆ ಇದೆ. ಅದು ಹಸಿರು ಪಾಚಿಯ ಜೊತೆಗೆ ಗಾಳಿಯಿಂದ ಸಾರಜನಕ ಹಿಡಿದುಕೊಡುವ ನೀಲಿಹಸಿರು ಪಾಚಿಯನ್ನೂ ಅಜೋಲ್ಲವನ್ನೂ ಹೊಡೆಯುತ್ತದೆ. ಈ ನೀಲಿಹಸಿರು ಪಾಚಿಯೂ ನಿಜದಲ್ಲಿ ದುಂಡಾಣುಗಳ ಕುಲಕ್ಕೇ ಸೇರಿದ್ದು. ಒಂದು ಕೈಯಿಂದ ಅಜೋಲ್ಲ ಬಿಟ್ಟು ಇನ್ನೊಂದು ಕೈಯಿಂದ ಮೈಲುತುತ್ತ ಹಾಕಿದರೆ ಗಿಟ್ಟುವುದೇನು?

ದುಂಡಾಣುಗಳು ತಾಮ್ರಕ್ಕೆ ಮಾಡುವುದೇನು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ತಾಮ್ರ ಹೆಚ್ಚಿದ ಮಣ್ಣಿನಲ್ಲಿ ಎಲ್ಲ ದುಂಡಾಣುಗಳೂ ಸಾಯುವುದಿಲ್ಲ. ಸೂಕ್ಷ್ಮವಾದವು ಹಿಂದೆ ಸರಿಯುತ್ತವೆ, ತಡೆದುಕೊಳ್ಳುವವು ಆ ಜಾಗವನ್ನು ತುಂಬುತ್ತವೆ. ಡೆನ್ಮಾರ್ಕ್ ದೇಶದ ಹ್ಯೂಗುಮ್ ಎಂಬಲ್ಲಿ 1911ರಿಂದ 1924ರವರೆಗೆ ಮರದ ಕಂಬಗಳಿಗೆ ಮೈಲುತುತ್ತದ ದ್ರಾವಣ ಉಣಿಸುವ ಕೆಲಸ ನಡೆದಿತ್ತು. ಕೆಲಸ ನಿಂತು ಎಪ್ಪತ್ತು, ಎಂಬತ್ತು ವರ್ಷಗಳಾದ ಮೇಲೆ ವಿಜ್ಞಾನಿಗಳು ಹೋಗಿ ನೋಡಿದರೂ ತಾಮ್ರ ಅಲ್ಲೇ ಇತ್ತು. ತಾಮ್ರ ಉಂಡ ಮಣ್ಣಿನಲ್ಲಿ ತಡೆದುಕೊಳ್ಳುವ ದುಂಡಾಣುಗಳು ಹೆಚ್ಚಾಗಿರುತ್ತವೆ. ಕೆಲಸ ಹೇಗೋ ನಡೆಯುತ್ತದೆ, ಆದರೆ ಕೆಲಸಗಾರರ ಬಗೆ ಕಡಿಮೆಯಾಗಿರುತ್ತದೆ.

ತಡೆದುಕೊಳ್ಳುವವು ಹೇಗೆ ತಡೆದುಕೊಳ್ಳುತ್ತವೆ? ಕೆಲವು ಒಳಗೆ ಬಂದ ತಾಮ್ರವನ್ನು ಪಂಪಿನಂತೆ ಹೊರಕ್ಕೆ ತಳ್ಳುತ್ತವೆ. ಕೆಲವು ತಮ್ಮ ಹೊರಗೋಡೆಯಲ್ಲಿ ಪ್ರೋಟೀನುಗಳಿಗೆ ಕಟ್ಟಿ ನಿಲ್ಲಿಸುತ್ತವೆ. ಟೊಮ್ಯಾಟೊ ರೋಗದ ಒಂದು ದುಂಡಾಣುವನ್ನು ತಾಮ್ರ ಹಾಕಿದ ಆಹಾರದ ಮೇಲೆ ಬೆಳೆಸಿದಾಗ ಅದರ ಮಚ್ಚೆಗಳೇ ನೀಲಿಯಾದುವಂತೆ. ಇನ್ನು ಕೆಲವು ಅಂಟು ಅಂಟಾದ ಲೋಳೆಯನ್ನು ಸುರಿಸುತ್ತವೆ. ಆ ಲೋಳೆ ತಾಮ್ರವನ್ನು ಹಿಡಿಯುತ್ತದೆ, ಮಣ್ಣಿನ ಕಣಗಳನ್ನೂ ಕೂಡಿಸಿ ಹರಳುಗಟ್ಟಿಸುತ್ತದೆ. ದುಂಡಾಣು ಸತ್ತರೆ ಅದು ಹಿಡಿದಿದ್ದ ತಾಮ್ರ ಮತ್ತೆ ಮಣ್ಣಿಗೇ ಬರುತ್ತದೆ. ಆದ್ದರಿಂದ ಒಂದು ಪೊಟ್ಟಣ ದುಂಡಾಣುವನ್ನು ಸುರಿದು ಕೈತೊಳೆದುಕೊಂಡರೆ ಪ್ರಯೋಜನವಿಲ್ಲ. ಸದಾ ದುಂಡಾಣುಗಳು ಹುಟ್ಟಿ ಬೆಳೆಯುವಂತೆ ಅವುಗಳಿಗೆ ಆಹಾರ ಇರಬೇಕು, ಎಂದರೆ ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರ ಇರಬೇಕು. ಅವು ಕೊಳೆಯುವಾಗ ಉಂಟಾಗುವ ಹ್ಯೂಮಸ್ಸೇ ತಾಮ್ರವನ್ನು ಹೆಚ್ಚು ಕಾಲ ಬಿಗಿಯಾಗಿ ಹಿಡಿಯುವ ಪದಾರ್ಥ.

ನೀರು ನಿಂತ ಗದ್ದೆಯಲ್ಲಿ ಬೇರೊಂದು ವ್ಯವಹಾರ ನಡೆಯುತ್ತದೆ. ಗಾಳಿಯಿಲ್ಲದ ಕೆಸರಿನಲ್ಲಿ ಕೆಲವು ದುಂಡಾಣುಗಳು ಸಲ್ಫೇಟಿನಿಂದ ಕೊಳೆತ ಮೊಟ್ಟೆಯ ವಾಸನೆಯ ಅನಿಲವನ್ನು ಮಾಡುತ್ತವೆ. ಅದು ತಾಮ್ರದ ಜೊತೆ ಸೇರಿ ನೀರಿನಲ್ಲಿ ಕರಗದ ಸಲ್ಫೈಡ್ ಆಗುತ್ತದೆ. ನೀರು ನಿಂತಿರುವವರೆಗೆ ತಾಮ್ರ ಬೀಗ ಹಾಕಿದಂತೆ. ಗದ್ದೆ ಒಣಗಿ ಗಾಳಿಯಾಡಿತೆಂದರೆ ಆ ಸಲ್ಫೈಡ್ ಮತ್ತೆ ಸಲ್ಫೇಟ್ ಆಗಿ ತಾಮ್ರ ಬಿಡುಗಡೆಯಾಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದವರಿಗೆ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಂಥ ಕಡೆ ಹಳೆಯ ತೋಟವನ್ನು ತೆಗೆದು ಗದ್ದೆ ಮಾಡಿದ್ದರೆ, ಭತ್ತದಲ್ಲಿ ಕಾಣದಿದ್ದ ತೊಂದರೆ ಅದೇ ಜಮೀನಿನ ಬೇಸಿಗೆಯ ಉದ್ದು, ಅಲಸಂದೆಯಲ್ಲಿ ಕಾಣಬಹುದು.

ಬಿಡಿಸುವ ದುಂಡಾಣುಗಳೂ ಇವೆ. ಬೇರಿನ ಸುತ್ತ ವಾಸಿಸುವ ಕೆಲವು ಜಾತಿಗಳು ಹುಳಿಗಳನ್ನು ಸುರಿಸಿ, ಕಬ್ಬಿಣವನ್ನು ಹುಡುಕಲು ಮಾಡಿಕೊಂಡ ಕೊಂಡಿಯಂಥ ಪದಾರ್ಥಗಳನ್ನು ಬಿಟ್ಟು ತಾಮ್ರವನ್ನೂ ಕರಗಿಸುತ್ತವೆ. ಕರಗಿದ್ದನ್ನು ಬೆಳೆ ಹೀರಿಕೊಂಡರೆ, ಬೆಳೆಯನ್ನು ಕಿತ್ತು ಹೊರಗೆ ಸಾಗಿಸಿದರೆ ತಾಮ್ರ ಕಡಿಮೆಯಾಗಬೇಕಲ್ಲವೆ? ಬ್ರೆಜಿಲ್ ದೇಶದ ದಕ್ಷಿಣ ತುದಿಯ ದ್ರಾಕ್ಷಿ ಸೀಮೆಯ ಮಣ್ಣಿನಿಂದಲೇ ಇಂಥ ದುಂಡಾಣುಗಳನ್ನು ತೆಗೆದು ಇದನ್ನು ಪರೀಕ್ಷಿಸಿದ್ದಾರೆ. ಬೆಳೆ ಹೀರುವ ತಾಮ್ರ ಹೆಚ್ಚಾದದ್ದುಂಟು. ಆದರೆ ಇಲ್ಲಿಯೂ ನಮ್ಮ ಎಕರೆಯ ಲೆಕ್ಕ ಹಾಕಿ ನೋಡಿ. ಸಾಧಾರಣ ಬೆಳೆಯ ಒಣ ಸೊಪ್ಪಿನಲ್ಲಿ ತಾಮ್ರ 10, 20 ಪಿ.ಪಿ.ಎಂ. ಇರುತ್ತದೆ. ಎಕರೆಗೆ 4 ಟನ್ ಒಣಸೊಪ್ಪು ಕೊಡುವ ಜೋಳವನ್ನು ಬೆಳೆದು ಪೂರ್ತಿ ಸಾಗಿಸಿದರೂ ಹೋಗುವ ತಾಮ್ರ 40ರಿಂದ 80 ಗ್ರಾಂ. ದುಂಡಾಣುಗಳ ಸಹಾಯದಿಂದ ಅದು ಎರಡರಷ್ಟಾಯಿತು ಎಂದುಕೊಂಡರೂ 160 ಗ್ರಾಂ ದಾಟುವುದಿಲ್ಲ. ಒಂದು ಸಿಂಪರಣೆಯಲ್ಲಿ ಬಿದ್ದದ್ದು 1000 ಗ್ರಾಂ! ಆರು ಬೆಳೆ ತೆಗೆದರೆ ಒಂದು ಸಿಂಪರಣೆಯ ತಾಮ್ರ ಹೋಗುತ್ತದೆ. ಪೊಟ್ಟಣ ಮಾರುವವರು ಈ ಲೆಕ್ಕವನ್ನು ಹೇಳುವುದಿಲ್ಲ, ನೀವು ಕೇಳಬೇಕು.

ತಾಮ್ರವನ್ನು ತಡೆದುಕೊಳ್ಳುವ ಗುಣ ಒಳ್ಳೆಯ ದುಂಡಾಣುಗಳಿಗೆ ಮಾತ್ರ ಬರುವುದೂ ಇಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಮೆಣಸಿನಕಾಯಿಯ ದುಂಡಾಣು ಎಲೆಚುಕ್ಕೆ ರೋಗಕ್ಕೆ ತಾಮ್ರ ಹೊಡೆದರೂ ಜಗ್ಗದ ಬಗೆಗಳು ಇರುವುದು 1983ರಲ್ಲೇ ವರದಿಯಾಯಿತು. ಈ ಗುಣ ಒಂದು ದುಂಡಾಣುವಿನಿಂದ ಇನ್ನೊಂದಕ್ಕೆ ದಾಟಬಲ್ಲದು. ತಾಮ್ರ ಹಾಕಿದ ಡೆನ್ಮಾರ್ಕಿನ ಹೊಲದಲ್ಲಿ ಕೆಲವು ಜೀವನಿರೋಧಕ ಔಷಧಿಗಳಿಗೂ ಬಗ್ಗದ ದುಂಡಾಣುಗಳು ಹೆಚ್ಚಿದ್ದುದನ್ನೂ ಕಂಡಿದ್ದಾರೆ. ಆದ್ದರಿಂದ ಟೊಮ್ಯಾಟೊ, ಮೆಣಸಿನಕಾಯಿಗಳಲ್ಲಿ ಚುಕ್ಕೆ ಕಂಡಾಗಲೆಲ್ಲ ತಾಮ್ರವನ್ನೇ ಮತ್ತೆ ಮತ್ತೆ ಹೊಡೆಯುವುದರಿಂದ ಮಣ್ಣೂ ಕೆಡುತ್ತದೆ, ಔಷಧಿಯೂ ಮೊಂಡಾಗುತ್ತದೆ.

ಮಾಡಬೇಕಾದ್ದು

ಪ್ರತಿ ತೋಟಕ್ಕೂ ಒಂದು ಪುಸ್ತಕ ಇಟ್ಟು ವರ್ಷಕ್ಕೆ ಎಷ್ಟು ಕಿಲೋ ಮೈಲುತುತ್ತ ಹೋಯಿತು ಎಂದು ಬರೆಯಿರಿ, ಅದನ್ನು ನಾಲ್ಕರಿಂದ ಭಾಗಿಸಿರಿ, ಅದೇ ತಾಮ್ರ. ಶೇಕಡ 50ರ ಆಕ್ಸಿಕ್ಲೋರೈಡ್ ಆದರೆ ಎರಡರಿಂದ ಭಾಗಿಸಬೇಕು. ಲೀಟರಿಗೆ 3 ಗ್ರಾಮಿನಂತೆ 400 ಲೀಟರಿಗೆ ಹಾಕಿದರೆ 600 ಗ್ರಾಂ ತಾಮ್ರವಾಯಿತು.

ಸಿಂಪರಣೆಗೆ ದಿನಾಂಕವನ್ನು ಮಾತ್ರ ನೋಡದೆ ಮಳೆಯನ್ನೂ ರೋಗವನ್ನೂ ನೋಡಿ. ಕಾಯಿಲೆ ಬಂದ ಗೊನೆ, ಉದುರಿದ ಕಾಯಿ, ಕೊಳೆತ ಬಳ್ಳಿಗಳನ್ನು ತೆಗೆದು ಸುಟ್ಟರೆ, ಬುಡದಲ್ಲಿ ನೀರು ನಿಲ್ಲದಂತೆ ಬಸಿಗಾಲುವೆ ತೋಡಿದರೆ ಒಂದು ಸಿಂಪರಣೆಯನ್ನಾದರೂ ಉಳಿಸಬಹುದು. ವೀಳ್ಯದೆಲೆ ತೋಟದಲ್ಲಿ ಇದು ಮುಖ್ಯವಾದ ಕೆಲಸ, ಏಕೆಂದರೆ ಅಲ್ಲಿ ದ್ರಾವಣವನ್ನು ಬುಡಕ್ಕೇ ಸುರಿಯುವುದರಿಂದ ತಾಮ್ರ ನೇರವಾಗಿ ಬೇರಿನ ಬಳಿ ಸೇರುತ್ತದೆ. ದ್ರಾವಣವನ್ನು ಹದವಾಗಿ ಮಾಡುವುದೂ ಉಳಿತಾಯವೇ. ಹೊಳೆಯುವ ಕುಡುಗೋಲನ್ನು ಅದ್ದಿ ನೋಡಿದಾಗ ಕೆಂಪು ಲೇಪ ಕೂತರೆ ಬಿಡಿ ತಾಮ್ರ ಉಳಿದಿದೆಯೆಂದು ಅರ್ಥ. ಇನ್ನೂ ಸುಣ್ಣದ ತಿಳಿ ಹಾಕಬೇಕು. ಮಾಡಿದ ದಿನವೇ ಹೊಡೆದು ಮುಗಿಸಬೇಕು.

ಟ್ರೈಕೋಡರ್ಮ, ಸ್ಯೂಡೋಮೊನಾಸ್, ರೈಜೋಬಿಯಂ, ರಂಜಕ ಕರಗಿಸುವ ದುಂಡಾಣು ಇವನ್ನು ಹಾಕುವವರು ಬೋರ್ಡೋ ಹೊಡೆದ ಹಿಂದೆ ಮುಂದೆ ಹದಿನೈದು, ಇಪ್ಪತ್ತು ದಿನ ಬಿಡಬೇಕು. ಇಂಥವನ್ನು ಕೊಟ್ಟಿಗೆ ಗೊಬ್ಬರದಲ್ಲಿ ವೃದ್ಧಿಪಡಿಸಿ ಹಾಕಿದರೆ ಬದುಕಿ ಉಳಿಯುವ ಸಂಭವ ಹೆಚ್ಚು. ಕೋಳಿ ಗೊಬ್ಬರವನ್ನು ಲಾರಿಗಟ್ಟಲೆ ತರಿಸುವವರಿಗೆ ಒಂದು ಮಾತು: ಸಾಕಣೆಯ ಆಹಾರದಲ್ಲಿ ತಾಮ್ರದ ಲವಣ ಸೇರಿಸುವುದರಿಂದ ಗೊಬ್ಬರದಲ್ಲೂ ತಾಮ್ರ ಬರಬಹುದು. ತಾಮ್ರ ಹೆಚ್ಚಿರುವ ತೋಟಕ್ಕೆ ದನದ ಗೊಬ್ಬರ, ಹೊಂಗೆ, ಗ್ಲಿರಿಸಿಡಿಯಾ ಸೊಪ್ಪು ಮೇಲು. ರಸಸಾರ 6ಕ್ಕಿಂತ ಕೆಳಗಿದ್ದರೆ ಪರೀಕ್ಷೆಯ ಶಿಫಾರಸಿನಂತೆ ಕೃಷಿಸುಣ್ಣ ಹಾಕಿ 6.5ರ ಬಳಿಗೆ ತರಬೇಕು. ಇಳಿಜಾರಿನ ತೋಟಗಳಲ್ಲಿ ಬದು, ಹೊದಿಕೆ ಬೆಳೆ ಬೇಕು. ಮೇಲ್ಮಣ್ಣು ಕೊಚ್ಚಿದರೆ ತಾಮ್ರವೂ ಅದರ ಜೊತೆಯಲ್ಲಿ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಹೋಗುತ್ತದೆ.

ಮಣ್ಣು ಆರೋಗ್ಯ ಚೀಟಿಯನ್ನು ಓದುವ ಬಗ್ಗೆ ವಿಸ್ತರಣಾ ಕಾರ್ಯಕರ್ತರು ವಿಶೇಷ ಗಮನ ಕೊಡಬೇಕು. 2015ರಿಂದ ಕೊಡುತ್ತಿರುವ ಈ ಚೀಟಿಯಲ್ಲಿ ತಾಮ್ರದ ಸಾಲೂ ಇದೆ. ಆದರೆ ಅದು ಕೊರತೆಯನ್ನು ಹುಡುಕಲು ಮಾಡಿದ ಸಾಲು. ಲಭ್ಯ ತಾಮ್ರ 0.2 ಪಿ.ಪಿ.ಎಂ.ಗಿಂತ ಹೆಚ್ಚಿದ್ದರೆ "ಸಾಕಷ್ಟು" ಎಂದು ಬರೆಯುತ್ತಾರೆ. 2 ಇದ್ದರೂ ಸಾಕಷ್ಟು, 20 ಇದ್ದರೂ ಸಾಕಷ್ಟು! ಆದ್ದರಿಂದ ಆ ಪದವನ್ನು ಬಿಟ್ಟು ಪಕ್ಕದ ಅಂಕಿಯನ್ನು ಓದಿ. ತೋಟದ ಮಾದರಿಯನ್ನೂ ಬೋರ್ಡೋ ಎಂದೂ ಕಾಣದ ಪಕ್ಕದ ಹೊಲದ ಮಾದರಿಯನ್ನೂ ಒಟ್ಟಿಗೆ ಕಳಿಸಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಮಾದರಿಯನ್ನು ಮೇಲಿನ ಅರ್ಧ ಅಡಿಯಿಂದ ತೆಗೆಯಬೇಕು. ಮೈಲುತುತ್ತ ಕದಡಿದ ಬಕೆಟ್ಟಿನಲ್ಲಿ ಮಣ್ಣು ಕಲಸಬಾರದು.

ಕಡೆಗೆ ಕುರಿಗಳ ವಿಷಯ. ಈ ತಾಲ್ಲೂಕಿನ ಬಂಡೂರು ಕುರಿ ಹೆಸರಾದ ತಳಿ. ಸಾಕುಪ್ರಾಣಿಗಳಲ್ಲಿ ತಾಮ್ರಕ್ಕೆ ಅತ್ಯಂತ ಸೂಕ್ಷ್ಮವಾದುದು ಕುರಿಯೇ; ಮೇಕೆ, ದನಗಳು ಅಷ್ಟು ಬೇಗ ಬಾಗುವುದಿಲ್ಲ. ತಿಂದ ತಾಮ್ರ ಕುರಿಯ ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಸದ್ದಿಲ್ಲದೆ ಸೇರಿ, ಒಂದು ದಿನ ಒಮ್ಮೆಲೇ ರಕ್ತಕ್ಕೆ ಬಿಡುಗಡೆಯಾಗುತ್ತದೆ. ಕಣ್ಣು ಹಳದಿಯಾಗಿ, ಮೂತ್ರ ಕಂದುಗೆಂಪಾಗಿ ಒಂದೆರಡು ದಿನದಲ್ಲಿ ಕುರಿ ಸಾಯಬಹುದು. ಬೋರ್ಡೋ ಹೊಡೆದ ತೋಟದ ಹುಲ್ಲನ್ನು ಕುರಿಗೆ ಮೇಯಿಸಬೇಡಿ. ಹುಲ್ಲು ಗಿಡ್ಡವಾಗಿರುವ ಬೇಸಿಗೆಯಲ್ಲಿ ಕುರಿ ಹುಲ್ಲಿನ ಜೊತೆ ಮಣ್ಣನ್ನೂ ಕೀಳುವುದರಿಂದ ಹಳೆಯ ತೋಟಗಳಿಗೆ ಆಗ ಬಿಡುವುದೂ ಬೇಡ.

ಸಭೆ ಮುಗಿಯುವ ಹೊತ್ತಿಗೆ ಒಬ್ಬರು ಉಳಿದ ದ್ರಾವಣವನ್ನೂ ಡ್ರಮ್ಮು ತೊಳೆದ ನೀರನ್ನೂ ಎಲ್ಲಿ ಚೆಲ್ಲಬೇಕು ಎಂದು ಕೇಳಿದರು. ಈಗ ಬಹುಮಂದಿ ನಾಲೆಯ ಬದಿಯಲ್ಲೇ ತೊಳೆಯುತ್ತಾರೆ, ಅದು ಕೂಡದು. ಮೀನಿಗೂ ಕೆಳಗಿನ ಗದ್ದೆಯ ನೀಲಿಹಸಿರು ಪಾಚಿಗೂ ತಾಮ್ರ ವಿಷ. ಬೇಕಾದಷ್ಟೇ ಕದಡಿ, ಉಳಿದರೆ ಸಿಂಪಡಿಸಿದ ಬೆಳೆಯ ಮೇಲೆಯೇ ತೆಳುವಾಗಿ ಹರಡಿ ಮುಗಿಸಿ. ತೊಳೆದ ನೀರನ್ನು ಒಂದೇ ಮರದ ಬುಡಕ್ಕೆ ಸುರಿಯದೆ ಅದೇ ತೋಟದಲ್ಲಿ ಅಲ್ಲಲ್ಲಿ ಚಿಮುಕಿಸಿ. ಪ್ರತಿ ಸಲವೂ ಒಂದೇ ಜಾಗದಲ್ಲಿ ಮೈಲುತುತ್ತ ಕದಡುವವರು ಆ ಜಾಗದಲ್ಲಿ ಹುಲ್ಲು ಸಹ ಹುಟ್ಟದಿರುವುದನ್ನು ಈಗಾಗಲೇ ನೋಡಿರಬಹುದು.